ಎರಡು ನಿಮಿಷದ ಆಸಿಡ್

ಬಾಟಲಿ ಮೊದಲು ಕಣ್ಣಿಗೆ ಬಿದ್ದದ್ದು ಮಾವನಿಗೆ. ಬೆಳಿಗ್ಗೆ ಗಡ್ಡ ಹೆರೆಯಲು ಬಚ್ಚಲುಮನೆಗೆ ಹೋದವರು, ಕನ್ನಡಿಯ ಕೆಳಗಿನ ಗೂಡಿನಲ್ಲಿ ಟೂತ್‌ಪೇಸ್ಟಿಗೂ ತಮ್ಮ ಬ್ರಷ್ಷಿಗೂ ನಡುವೆ ಬೆರಳುದ್ದದ ಕಂದು ಗಾಜಿನ ಬಾಟಲಿಯೊಂದು ನಿಂತಿರುವುದನ್ನು ಕಂಡರು. ಕನ್ನಡಕ ತಂದು ಓದಿದರು. ಗ್ಲೈಕೋಲಿಕ್ ಆಸಿಡ್, ಮೂವತ್ತು ಪರ್ಸೆಂಟ್. ಅರ್ಧ ಕೆನ್ನೆಯ ನೊರೆ ಹಾಗೇ ಬಿಟ್ಟು, ಬಾಟಲಿಯನ್ನು ಎರಡು ಬೆರಳಲ್ಲಿ ಮೈಯಿಂದ ಒಂದು ಮೊಳ ದೂರ ಹಿಡಿದುಕೊಂಡು ಹೊರಗೆ ಬಂದರು. ಹಲ್ಲಿ ಹಿಡಿದು ತಂದಿದ್ದಾರೆ ಅಂದುಕೊಂಡ ಅತ್ತೆ ಕುರ್ಚಿಯ ಮೇಲೆ ಕಾಲೆತ್ತಿಟ್ಟುಕೊಂಡರು.

ಮಾವನ ಗಾಬರಿಗೆ ಕಾರಣವಿತ್ತು. ಮೂವತ್ಮೂರು ವರ್ಷ ಅವರು ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು. ಆಸಿಡ್ ಬೀರುವಿನ ಕೀಲಿ ಅಷ್ಟೂ ವರ್ಷ ಅವರ ಜೇಬಿನಲ್ಲೇ ಇತ್ತು. ತೂತು ಬಿದ್ದ ಪ್ಯಾಂಟು, ಬಣ್ಣ ಹಾರಿದ ಚೂಡಿದಾರ, ಹಳದಿಯಾದ ಬೆರಳು ಇಂಥವನ್ನು ಲೆಕ್ಕವಿಲ್ಲದಷ್ಟು ನೋಡಿದ್ದರು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಕೈಯ ಅಭ್ಯಾಸ ಹೋಗಿರಲಿಲ್ಲ. ಅಡುಗೆ ಎಣ್ಣೆಯ ಬಾಟಲಿ ತೆರೆದರೂ ಮುಚ್ಚಳವನ್ನು ಅಂಗಾತ ಇಡುತ್ತಿದ್ದರು. ಆ ಕಂದು ಬಾಟಲಿಯನ್ನು ಅವರು ಒಂದು ಸ್ಟೀಲ್ ಡಬ್ಬಿಯೊಳಗಿಟ್ಟು, ಡಬ್ಬಿಯನ್ನು ತಮ್ಮ ಸ್ಕ್ರೂಡ್ರೈವರ್ ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಗೆ ಬೀಗ ಹಾಕಿ, ಆಮೇಲೆ ಉಳಿದ ಅರ್ಧ ಕೆನ್ನೆ ಹೆರೆದುಕೊಂಡರು.

ಬಾಟಲಿ ಸೊಸೆಯದು. ಅವಳು ಟ್ರಾಫಿಕ್ ಪೊಲೀಸ್. ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವಳು ಗೂಡು ತಡಕಾಡಿದಳು, ಕಸದ ಬುಟ್ಟಿ ತಡಕಾಡಿದಳು, ಕೊನೆಗೆ ಅತ್ತೆಯನ್ನು ಕೇಳಿದಳು. ಅತ್ತೆ ಕಣ್ಣಲ್ಲೇ ಮಾವನ ಕಡೆ ತೋರಿಸಿ, ನಾನು ಈ ಕೇಸಿನಲ್ಲಿ ಇಲ್ಲಪ್ಪ ಅನ್ನುವಂತೆ ಟಿವಿ ಸದ್ದು ಜಾಸ್ತಿ ಮಾಡಿದರು.

ಮಾವನಿಗೂ ಸೊಸೆಗೂ ಜಗಳವೇನೂ ಇರಲಿಲ್ಲ. ಮಾತೂ ಇರಲಿಲ್ಲ, ಅಷ್ಟೇ. ಮದುವೆಯಾದ ಐದು ವರ್ಷದಲ್ಲಿ ಇಬ್ಬರ ನಡುವಿನ ಮಾತೆಲ್ಲ ಅತ್ತೆಯ ಮೂಲಕವೇ ಹಾದುಹೋಗುತ್ತಿತ್ತು. ಗ್ಯಾಸ್ ಮುಗಿದಿದೆ ಅನ್ನುವುದಕ್ಕೂ ಅತ್ತೆ ಬೇಕು, ಪೇಪರ್ ಓದಿ ಆಯಿತಾ ಅನ್ನುವುದಕ್ಕೂ ಅತ್ತೆಯೇ ಬೇಕು. ಇವತ್ತು ಅತ್ತೆ ಕೈ ಕೊಟ್ಟದ್ದರಿಂದ ಸೊಸೆ ನೇರವಾಗಿ ಮಾವನ ಮುಂದೆ ಹೋಗಿ ನಿಲ್ಲಬೇಕಾಯಿತು. ಪೊಲೀಸರು ಹಿಡಿದಿಟ್ಟ ಗಾಡಿ ಬಿಡಿಸಿಕೊಳ್ಳಲು ಸ್ಟೇಷನ್ನಿಗೆ ಬಂದವರು ನಿಲ್ಲುವ ಹಾಗೆ ನಿಂತಳು. ಅದು ಮುಖಕ್ಕೆ ಹಚ್ಚುವ ಔಷಧಿ, ಎಲ್ಲರೂ ಮನೆಯಲ್ಲೇ ಹಚ್ಚಿಕೊಳ್ಳುತ್ತಾರೆ, ಸತ್ತ ಚರ್ಮದ ಪದರ ಕಿತ್ತುಬರುತ್ತದೆ, ಒಳಗಿನ ಹೊಸದು ಹೊಳೆಯುತ್ತದೆ ಎಂದು ವಿವರಿಸಿದಳು.

ಯಾಕೆ ಬೇಕಾಯಿತು ಎಂದು ಮಾವ ಕೇಳಿದಾಗ ವಿಷಯ ಹೊರಗೆ ಬಂತು. ಇಲಾಖೆಯವರು ರಸ್ತೆ ಸುರಕ್ಷತೆಯ ಪೋಸ್ಟರ್ ಮಾಡಿಸುತ್ತಿದ್ದರು. ಇಡೀ ಊರಿನ ಬಸ್ಸುಗಳ ಬೆನ್ನ ಮೇಲೆ, ದೊಡ್ಡ ವೃತ್ತಗಳಲ್ಲಿ ಹಾಕುವಂಥದ್ದು. ಅದಕ್ಕೆ ಇನ್‌ಸ್ಪೆಕ್ಟರು ಆರಿಸಿದ್ದು ಇವಳನ್ನು. ಫೋಟೋಕ್ಕೆ ಇನ್ನು ಮೂರು ವಾರವಿತ್ತು. ಮುಖ ನೋಡಿದರೆ ಆರು ವರ್ಷದ ಬಿಸಿಲು ಅದರ ಮೇಲೆ ನಕ್ಷೆ ಬರೆದಿತ್ತು. ಟೋಪಿಯ ಕೆಳಗೆ ಹಣೆ ಒಂದು ಬಣ್ಣ, ಕೆನ್ನೆ ಇನ್ನೊಂದು, ಕಪ್ಪು ಕನ್ನಡಕ ಮುಚ್ಚಿದ ಕಣ್ಣುಗಳ ಸುತ್ತ ಎರಡು ಬಿಳಿ ಬಳೆ, ಗಲ್ಲದ ಪಟ್ಟಿಯ ಜಾಗದಲ್ಲಿ ಒಂದು ಬಿಳಿ ಗೆರೆ. ಸ್ಟೇಷನ್ನಿನ ವೈರ್‌ಲೆಸ್ ಕೋಣೆಯಲ್ಲಿ ಕೂರುವ ಸಹೋದ್ಯೋಗಿಯೊಬ್ಬಳ ಮುಖ ಹೊಸ ಸ್ಟೀಲ್ ಪಾತ್ರೆಯ ಹಾಗೆ ಫಳಫಳ ಅನ್ನುತ್ತಿತ್ತು. ಬಾಟಲಿಯ ಹೆಸರು ಹೇಳಿದವಳು ಅವಳೇ.

ಮಾವ ಮೂರು ಪ್ರಶ್ನೆ ಕೇಳಿದರು. ಎಷ್ಟು ಹೊತ್ತು ಬಿಡಬೇಕು, ಎಷ್ಟು ದಿನಕ್ಕೊಮ್ಮೆ, ಹಚ್ಚಿದ ಮೇಲೆ ಬಿಸಿಲಿಗೆ ಹೋಗಬಹುದಾ. ಸೊಸೆಗೆ ಮೂರಕ್ಕೂ ಉತ್ತರ ಗೊತ್ತಿರಲಿಲ್ಲ. ಮಾವ ಬಾಟಲಿಯ ಜತೆ ಬಂದಿದ್ದ ಚೀಟಿ ಇಸಿದುಕೊಂಡು ಭೂತಕನ್ನಡಿ ಹಿಡಿದು ಕೂತರು. ನಿವೃತ್ತಿಯ ದಿನ ಪ್ರೊಫೆಸರರು ಕೊಟ್ಟಿದ್ದ ಆಸಿಡ್ಡಿನ ತೀವ್ರತೆ ತೋರಿಸುವ ಪಿಎಚ್ ಕಾಗದದ ಪುಟ್ಟ ಪುಸ್ತಕ ಇನ್ನೂ ಇತ್ತು. ಅದರಿಂದ ಒಂದು ಪಟ್ಟಿ ಹರಿದು ಒಂದು ಹನಿ ಸೋಕಿಸಿದರು. ಹಳದಿ ಕಾಗದ ಕಿತ್ತಳೆಗೆ ತಿರುಗಿ, ಅಲ್ಲಿಂದ ಕೆಂಪಿಗೆ ಹೋಯಿತು. ಮಾವ ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ಟಿನಿಂದ ಸಿಕ್ಕಿಸಿದರು, ಎಲ್ಲರಿಗೂ ಕಾಣಲಿ ಎಂದು.

ಮರುದಿನ ಷರತ್ತುಗಳೊಂದಿಗೆ ಬಾಟಲಿ ವಾಪಸ್ಸಾಯಿತು. ಮೊದಲು ಕಿವಿಯ ಹಿಂದೆ ಒಂದು ಹನಿ ಹಚ್ಚಿ ತೊಳೆದು ಇಪ್ಪತ್ತನಾಲ್ಕು ಗಂಟೆ ಕಾಯಬೇಕು. ಏನೂ ಆಗದಿದ್ದರೆ ಆಮೇಲೆ ಮುಖ. ಅದೂ ಎರಡೇ ನಿಮಿಷ, ವಾರಕ್ಕೆ ಒಂದೇ ಸಲ, ಮರುದಿನ ರಜೆ ಇರುವಾಗ ಮಾತ್ರ. ಗಡಿಯಾರ ಹಿಡಿಯುವುದು ಮಾವನೇ.

ದಿನವಿಡೀ ಊರಿಗೆಲ್ಲ ನಿಯಮ ಹೇಳುವವಳಿಗೆ ಮನೆಯಲ್ಲಿ ನಿಯಮ ಕೇಳಿಸಿಕೊಳ್ಳುವುದು ರುಚಿಸಲಿಲ್ಲ. ಎಲ್ಲಕ್ಕೂ ಹೂಂ ಅಂದಳು. ಎರಡು ದಿನ ಬಿಟ್ಟು, ಕಿವಿಯ ಹಿಂದೆ ಹಚ್ಚಿ ನೋಡಿದೆ, ಏನೂ ಆಗಲಿಲ್ಲ ಎಂದು ಅತ್ತೆಯ ಮೂಲಕ ವರದಿ ಕಳಿಸಿದಳು. ಹಚ್ಚಿಯೇ ಇರಲಿಲ್ಲ.

ಅದೇ ಸಂಜೆ ಅತ್ತೆ ಮಾವ ವಾಕಿಂಗಿಗೆ ಹೊರಟರು. ಗಂಡ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅವನು ಲಿಫ್ಟ್ ಮೆಕ್ಯಾನಿಕ್; ಯಾವುದಾದರೂ ಕಟ್ಟಡದಲ್ಲಿ ಯಾರಾದರೂ ನಾಲ್ಕನೇ ಮತ್ತು ಐದನೇ ಮಹಡಿಯ ನಡುವೆ ಸಿಕ್ಕಿಕೊಂಡಿರುತ್ತಿದ್ದರು. ಮನೆ ಖಾಲಿ. ಸೊಸೆ ಕೂದಲು ಗಂಟು ಹಾಕಿ, ಮುಖ ತೊಳೆದು ಒರೆಸಿ, ಹತ್ತಿಯಲ್ಲಿ ಅದ್ದಿ ಹಣೆಯಿಂದ ಗಲ್ಲದವರೆಗೆ ಹಚ್ಚಿದಳು. ಇರುವೆ ಹರಿದಂತೆ ಸ್ವಲ್ಪ ಚುರುಚುರು. ಇಷ್ಟಕ್ಕಾ ಅಷ್ಟು ರಾದ್ಧಾಂತ ಅನ್ನಿಸಿತು. ಎರಡು ನಿಮಿಷ ಆಗುವ ಹೊತ್ತಿಗೆ ವೈರ್‌ಲೆಸ್ ಕೋಣೆಯ ಸಹೋದ್ಯೋಗಿಯೇ ಫೋನ್ ಮಾಡಿದಳು, ನಾಳೆ ತನ್ನ ಬದಲು ಮಧ್ಯಾಹ್ನದ ಡ್ಯೂಟಿಗೆ ಯಾರಾದರೂ ಸಿಗುತ್ತಾರಾ ಎಂದು. ಸೊಸೆ ಫೋನನ್ನು ಕಿವಿಗೆ ತಾಗದಂತೆ ಹಿಡಿದು ಮಾತಾಡಿದಳು. ಮಾತಿನ ಮಧ್ಯೆ ಚುರುಚುರು ಕಡಿಮೆಯಾದಂತೆ ಅನ್ನಿಸಿತು, ಹಾಗಾದರೆ ಇನ್ನೂ ಬಿಡಬಹುದೇನೋ ಎಂದುಕೊಂಡಳು. ಆ ಮಧ್ಯಾಹ್ನದ ಡ್ಯೂಟಿಯನ್ನು ತಾನೇ ಒಪ್ಪಿಕೊಂಡು ಫೋನ್ ಇಟ್ಟಾಗ ಒಂಬತ್ತು ನಿಮಿಷ ಆಗಿತ್ತು.

ತೊಳೆದಾಗ ಮುಖ ಟೊಮೆಟೊ ಆಗಿತ್ತು. ಆ ಕೆಂಪು ಬೆಳಿಗ್ಗೆಗೆ ಇಳಿಯಿತು. ಮಧ್ಯಾಹ್ನ ನಾಲ್ಕು ರಸ್ತೆ ಸೇರುವ ತನ್ನ ಸರ್ಕಲ್ಲಿನಲ್ಲಿ ನಿಂತಳು. ಮೋಡವಿಲ್ಲದ ದಿನ. ಮೂರು ಗಂಟೆಗೆ ಕೆನ್ನೆ ಕಾದ ಕಾವಲಿಯಾಗಿತ್ತು, ಬೆವರು ಇಳಿದಲ್ಲೆಲ್ಲ ಉಪ್ಪು ಸವರಿದ ಹಾಗೆ ಉರಿ. ಒಬ್ಬ ಸ್ಕೂಟರಿನವನು ಸಿಗ್ನಲ್ ಜಂಪ್ ಮಾಡಿದರೂ ಸೀಟಿ ಊದಲು ತುಟಿ ಸೇರಿಸಲಾಗಲಿಲ್ಲ. ಮೂರನೇ ದಿನಕ್ಕೆ ಮೂಗಿನ ಪಕ್ಕದಲ್ಲಿ, ಬಾಯಿಯ ಸುತ್ತ ಚರ್ಮ ಹಳೆ ಗೋಡೆಯ ಸುಣ್ಣದ ಹಾಗೆ ಚಕ್ಕೆ ಏಳತೊಡಗಿತು. ಎರಡೂ ಕೆನ್ನೆಯ ಮೇಲೆ ನಾಣ್ಯದಗಲ ಕಪ್ಪು ಕಲೆ ಕೂತಿತು. ಹೊಳೆಯುವ ಹೊಸ ಚರ್ಮ ಎಲ್ಲಿತ್ತೋ, ಬಂದದ್ದಂತೂ ಅದಲ್ಲ.

ಮನೆಯಲ್ಲಿ ಅವಳು ತಲೆಗೆ ಟವೆಲ್ ಸುತ್ತಿಕೊಂಡು ಓಡಾಡಿದಳು. ಮೊದಲ ದಿನ ತಲೆ ಸ್ನಾನ ಎಂದಳು, ಎರಡನೇ ದಿನ ನೆಗಡಿ ಎಂದಳು. ಮೂರನೇ ದಿನ ಬೆಳಿಗ್ಗೆ ಬ್ರೆಡ್ಡನ್ನು ಉಗುರಗಲದ ತುಂಡು ಮಾಡಿ, ಬಾಯಿ ಅರ್ಧವೂ ತೆರೆಯದೆ ಒಳಗೆ ತಳ್ಳುತ್ತಿದ್ದುದನ್ನು ಅತ್ತೆ ನೋಡಿದರು. ನೆಗಡಿಯಾದರೆ ಬಾಯಿ ಯಾಕೆ ಹೊಲಿದುಕೊಳ್ಳುತ್ತದೆ ಎಂದು ಎದ್ದು ಬಂದು ಟವೆಲ್ ಸರಿಸಿದರು. ಆಮೇಲೆ ಮಾವನನ್ನು ಕರೆದರು.

ಸೊಸೆ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದಳು. ಮಾವ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದು ಅವಳನ್ನು ಕೂರಿಸಿ, ಬಗ್ಗಿ ನೋಡಿದರು.

"ಎಷ್ಟು ಹೊತ್ತು ಬಿಟ್ಟಿದ್ದೆ?"

"ಎರಡು ನಿಮಿಷ."

ಮಾವ ಅದೇ ದನಿಯಲ್ಲಿ ಇನ್ನೊಮ್ಮೆ ಕೇಳಿದರು.

"ಒಂಬತ್ತು," ಎಂದಳು. "ಕಿವಿ ಹಿಂದೆ ಹಚ್ಚಿದ್ದೆ ಅಂದಿದ್ದೂ ಸುಳ್ಳು."

"ಸರಿ," ಎಂದು ಮಾವ ಅಡುಗೆಮನೆಗೆ ಹೋದರು. ಅತ್ತೆ ಅಡುಗೆ ಸೋಡಾದ ಡಬ್ಬಿಯನ್ನು ಆಗಲೇ ಕೈಗೆತ್ತಿಕೊಂಡಿದ್ದರು. ಆಸಿಡ್ಡಿಗೆ ಸೋಡಾ ಮದ್ದು ಎಂದು ಮಾವನ ಬಾಯಿಂದಲೇ ಕೇಳಿ ಗೊತ್ತಿತ್ತು. ಮಾವ ಆ ಡಬ್ಬಿಯನ್ನು ಮೆಲ್ಲನೆ ಇಸಿದುಕೊಂಡು ಜಾಗಕ್ಕಿಟ್ಟರು. ಸೋಡಾ ಮೇಜಿನ ಮೇಲೆ ಚೆಲ್ಲಿದ್ದಕ್ಕೆ, ಮೈ ಮೇಲೆ ಬಿದ್ದದ್ದಕ್ಕೆ ನೀರು ಮಾತ್ರ, ಅದೂ ಬಿದ್ದ ಕೂಡಲೇ. ಈಗ ಮೂರು ದಿನದ ಮೇಲೆ ತಣ್ಣೀರಿನ ಬಟ್ಟೆ ಸಾಕು ಎಂದರು. ಬಟ್ಟೆ ಹಿಂಡಿ ತಂದು ಸೊಸೆಯ ಕೈಗೆ ಕೊಟ್ಟರು. ಸೋಪು ಬೇಡ, ಕ್ರೀಮು ಬೇಡ, ಉಜ್ಜುವುದು ಬೇಡ, ಏಳುವ ಚಕ್ಕೆ ಕೀಳುವುದಂತೂ ಬೇಡವೇ ಬೇಡ. ಬರಿ ವ್ಯಾಸಲೀನ್. ಮಧ್ಯಾಹ್ನ ಚರ್ಮದ ಡಾಕ್ಟರ ಹತ್ತಿರ ಹೋಗೋಣ.

ಬೈಗುಳ ಬರಲೇ ಇಲ್ಲ. ಅದು ಬರದಿದ್ದಾಗ ಸೊಸೆಗೆ ಅಳು ಬಂತು. ಕಣ್ಣೀರು ಹರಿದ ದಾರಿಯೂ ಉರಿಯಿತು.

"ಬೈದುಬಿಡಿ ಮಾವ," ಎಂದಳು.

"ಬೈದ್ರೆ ಏನು ಸಿಗುತ್ತೆ? ಮುಂದಿನ ಸಲ ನೀನು ಒಂಬತ್ತು ಅಂತ ಹೇಳೋದೇ ಇಲ್ಲ." ಮಾವ ಎದುರಿನ ಸ್ಟೂಲಿನ ಮೇಲೆ ಕೂತರು. "ಲ್ಯಾಬಿಗೆ ಸೇರಿದ ಎರಡನೇ ವರ್ಷ ನಾನೇ ಒಂದು ಬಾಟಲಿ ಒಡೆದೆ. ಸಲ್ಫ್ಯೂರಿಕ್. ಬೈತಾರೆ ಅಂತ ಹೆದರಿ, ನೀರು ಚೆಲ್ಲಿದೆ ಸಾರ್ ಅಂದುಬಿಟ್ಟೆ. ಒಬ್ಬಳು ಹುಡುಗಿ ನೀರಂತ ಅದನ್ನ ಬರಿಗೈಲಿ ಒರೆಸೋಕೆ ಹೋದಳು. ಆ ಅಂಗೈ ನೋಡಿದ ಮೇಲೆ, ನನ್ನ ಲ್ಯಾಬಲ್ಲಿ ನಿಜ ಹೇಳಿದೋರಿಗೆ ಒಂದು ಮಾತೂ ಅನ್ನಬಾರದು ಅಂತ ಇಟ್ಟುಕೊಂಡೆ. ಮೂವತ್ತೊಂದು ವರ್ಷ ಅನ್ನಲಿಲ್ಲ."

ಅತ್ತೆಗೂ ಅದು ಹೊಸ ಸುದ್ದಿ. ಡಬ್ಬಿಯ ಮುಚ್ಚಳ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

ಡಾಕ್ಟರಮ್ಮ ದೊಡ್ಡ ದೀಪ ಹಾಕಿ ನೋಡಿ, ಮನೆಯಲ್ಲಿ ಮಾಡಿದ್ದು ಸರಿಯಾಗಿದೆ, ಇದನ್ನೇ ಮುಂದುವರಿಸಿ ಎಂದರು. ಮೂವತ್ತರ ಶಕ್ತಿಯ ಬಾಟಲಿ ಮೊದಲ ಸಲದವರಿಗಲ್ಲ. ಆಸಿಡ್ ಹಚ್ಚಿದ ಚರ್ಮಕ್ಕೆ ದೊಡ್ಡ ಶತ್ರು ಬಿಸಿಲು, ಕಲೆ ಕೂತದ್ದು ಅದರಿಂದಲೇ. ಪೂರ್ತಿ ವಾಸಿಯಾದ ಮೇಲೆ, ಬೇಕಿದ್ದರೆ ಹತ್ತು ಪರ್ಸೆಂಟಿನದ್ದು ಹಚ್ಚಿ ನೋಡಬಹುದು, ದಿನಾ ಸನ್‌ಸ್ಕ್ರೀನ್ ಜತೆಗೆ. ಒಂದು ತಿಂಗಳು ಬಿಸಿಲಿಗೆ ಹೋಗಬೇಡಿ ಎಂದು ಚೀಟಿ ಬರೆಯುತ್ತಾ, ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಸೊಸೆ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ನಕ್ಕು, ಆಮೇಲೆ ಕ್ಷಮಿಸಿ ಎಂದರು.

ಒಂದು ವಾರ ರಜೆ ಸಿಕ್ಕಿತು. ಅದಕ್ಕಿಂತ ಹೆಚ್ಚು ಸಿಗುವಂತಿರಲಿಲ್ಲ. ಎಂಟನೇ ದಿನ ಸೊಸೆ ಸನ್‌ಸ್ಕ್ರೀನ್ ಮೆತ್ತಿಕೊಂಡು, ಮೂಗಿನವರೆಗೆ ಬಟ್ಟೆ ಕಟ್ಟಿಕೊಂಡು ಸರ್ಕಲ್ಲಿಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಎದುರಿನ ಬಸ್ ಸ್ಟಾಪಿನ ಬೆಂಚಿನ ಮೇಲೆ ಪರಿಚಯದ ಬೋಳುತಲೆಯೊಂದು ಕಂಡಿತು. ಮಾವ. ತೊಡೆಯ ಮೇಲೆ ನೋಟ್‌ಬುಕ್, ಕೈಯಲ್ಲಿ ಗಡಿಯಾರ, ಪಕ್ಕದಲ್ಲಿ ಥರ್ಮಾಮೀಟರ್ ಒಂದನ್ನು ಕಂಬಿಗೆ ದಾರದಿಂದ ಕಟ್ಟಿದ್ದರು. ಬಸ್ಸುಗಳು ಬಂದವು, ಹೋದವು. ಮಾವ ಯಾವುದಕ್ಕೂ ಹತ್ತಲಿಲ್ಲ. ಅರ್ಧ ಗಂಟೆಗೊಮ್ಮೆ ಏನೋ ಬರೆದುಕೊಳ್ಳುತ್ತಿದ್ದರು. ಜತೆಗಿದ್ದ ಕಾನ್ಸ್‌ಟೇಬಲ್, ಮೇಡಂ ಆ ಯಜಮಾನರು ಎರಡು ಗಂಟೆ ಹೊತ್ತಿನಿಂದ ನಿಮ್ಮನ್ನೇ ನೋಡುತ್ತಿದ್ದಾರೆ, ವಿಚಾರಿಸಲಾ ಎಂದ. ಬೇಡ, ನನ್ನ ಮಾವ ಎಂದು ಹೇಳುವಾಗ ಅವಳಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಸಂಜೆಯೊಳಗೆ ಇಡೀ ಸ್ಟೇಷನ್ನಿಗೆ ಗೊತ್ತಾಗಿ, ಮನೆಯಿಂದ ಇನ್‌ಸ್ಪೆಕ್ಷನ್ ಬಂದಿತ್ತಂತೆ ಎಂದು ಎಲ್ಲರೂ ಕಾಲೆಳೆದರು.

ಮಾವನ ನೋಟ್‌ಬುಕ್ಕಿನಲ್ಲಿ ಹೊತ್ತು ಹೊತ್ತಿಗೆ ನೆರಳು ಗುರುತಿಸಿದ ಒಂದು ಚಿತ್ರವಿತ್ತು. ಸರ್ಕಲ್ಲಿನ ನಡುವಿನ ಕಟ್ಟೆಯಲ್ಲಿ ಪೊಲೀಸರಿಗೆಂದು ಒಂದು ದೊಡ್ಡ ಛತ್ರಿ ನೆಟ್ಟಿದ್ದರು. ಯಾರು ಯಾವಾಗ ನೆಟ್ಟಿದ್ದರೋ, ಅದರ ಕಂಬ ಸಿಮೆಂಟಿನಲ್ಲಿ ಹೂತು ಹೋಗಿತ್ತು. ಮಧ್ಯಾಹ್ನ ಹನ್ನೆರಡರವರೆಗೆ ನೆರಳು ನಿಂತವರ ಮೇಲೆ ಬೀಳುತ್ತಿತ್ತು. ಹನ್ನೆರಡೂವರೆಯಿಂದ ಅದು ಸರಿದು ಸರಿದು, ಎರಡು ಗಂಟೆಗೆ ಆರು ಅಡಿ ಆಚೆ, ಕಸದ ಡಬ್ಬದ ಮೇಲೆ ಹೋಗಿ ಕೂರುತ್ತಿತ್ತು. ಊರಿನ ಅತ್ಯಂತ ತಂಪಾದ ಕಸದ ಡಬ್ಬ ಎಂದು ಮಾವ ಕೆಳಗೆ ಬರೆದಿದ್ದರು. ಆರು ವರ್ಷ ಅಲ್ಲೇ ನಿಂತವಳಿಗೆ ಇದು ತಲೆಗೆ ಹೊಳೆದಿರಲಿಲ್ಲ. ಅವಳ ಕಣ್ಣು ಯಾವಾಗಲೂ ಗಾಡಿಗಳ ಮೇಲೆ.

ಆ ಚಿತ್ರವನ್ನು ಅವಳೇ ಇನ್‌ಸ್ಪೆಕ್ಟರ ಮೇಜಿನ ಮೇಲಿಟ್ಟಳು. ಅವರು ತಿರುಗಿಸಿ ತಿರುಗಿಸಿ ನೋಡಿ, ಹೊಸ ಛತ್ರಿಗೆ ಬರೆದರೆ ಬರುವಷ್ಟರಲ್ಲಿ ನಾನು ರಿಟೈರ್ ಆಗಿರುತ್ತೇನೆ ಎಂದರು. ಮಾತು ಮನೆಗೆ ಬಂತು, ಗಂಡನ ಕಿವಿಗೆ ಬಿತ್ತು. ಅವನು ಊಟದ ತಟ್ಟೆಯಲ್ಲೇ ಬೆರಳಿನಿಂದ ಒಂದು ವೃತ್ತ ಎಳೆದ. ಒಂದು ಹಳೆ ಲಿಫ್ಟಿನ ರಾಟೆ ವರ್ಕ್‌ಶಾಪಿನ ಮೂಲೆಯಲ್ಲಿ ಬಿದ್ದಿತ್ತು, ಬೇರಿಂಗ್ ಚೆನ್ನಾಗಿತ್ತು. ಭಾನುವಾರ ಅಪ್ಪ ಮಗ ಸೇರಿ ಅದಕ್ಕೆ ಕಬ್ಬಿಣದ ಪಾದ ಬೆಸೆದು, ಒಂದು ಬಾಗಿದ ತೋಳು ಕೂರಿಸಿದರು. ಮಾವ ಕೋನ ಹೇಳಿದರು, ಮಗ ಬೆಸೆದ. ಇಬ್ಬರೂ ಒಂದೇ ಕೆಲಸವನ್ನು ಹೀಗೆ ಜತೆಯಲ್ಲಿ ಮಾಡಿದ್ದನ್ನು ತಾನು ನೋಡಿಯೇ ಇರಲಿಲ್ಲ ಎಂದು ಅತ್ತೆ ಆಮೇಲೆ ಸೊಸೆಗೆ ಹೇಳಿದರು. ಛತ್ರಿಯನ್ನು ಹಳೆ ಕಂಬದಿಂದ ಬಿಚ್ಚಿ ಸರ್ಕಲ್ಲಿನಲ್ಲೇ ಹೊಸ ತೋಳಿಗೆ ಸಿಕ್ಕಿಸಿದ ಮೇಲೆ, ಒಂದು ಬೆರಳಲ್ಲಿ ತಳ್ಳಿದರೂ ಸಾಕು, ಸೂರ್ಯ ಹೋದಲ್ಲಿಗೆ ತಿರುಗುತ್ತಿತ್ತು. ಇನ್‌ಸ್ಪೆಕ್ಟರು ಜೀಪಿನಲ್ಲಿ ಆ ದಾರಿಯಲ್ಲಿ ಬಂದು, ನೋಡಿ, ನಾನೇನೂ ನೋಡಲಿಲ್ಲ ಎಂದು ಹೊರಟುಹೋದರು.

ಫೋಟೋ ತೆಗೆಯುವವಳು ಹೇಳಿದ ದಿನಕ್ಕಿಂತ ಹತ್ತು ದಿನ ತಡವಾಗಿ ಬಂದಳು. ಅಷ್ಟರಲ್ಲಿ ಮುಖದ ಚಕ್ಕೆಗಳೆಲ್ಲ ಉದುರಿ ಚರ್ಮ ನುಣುಪಾಗಿತ್ತು. ಕಲೆಗಳು ಮಾತ್ರ ಹಾಗೇ ಇದ್ದವು. ಸೊಸೆ ಅವುಗಳ ಮೇಲೆ ಪೌಡರ್ ಹಾಕಿದಳು, ಒರೆಸಿದಳು, ಮತ್ತೆ ಹಾಕಿದಳು. ಎಡಗೆನ್ನೆ ಚೆನ್ನಾಗಿದೆಯಾ ಬಲಗೆನ್ನೆ ಚೆನ್ನಾಗಿದೆಯಾ ಎಂದು ಗಂಡನನ್ನು ಕೇಳಿದಾಗ ಅವನು ಎರಡೂ ಎಂದು ಹೇಳಿ ಬೈಸಿಕೊಂಡ. ಫೋಟೋದವಳು ರಸ್ತೆಯ ಮೇಲೆ ಮಂಡಿಯೂರಿ, ಫುಟ್‌ಪಾತಿನ ಮೇಲೆ ಮಲಗಿ, ಒಂದು ಗೂಡ್ಸ್ ಗಾಡಿಯ ಮೇಲೆ ಹತ್ತಿ, ಇನ್ನೂರು ಫೋಟೋ ತೆಗೆದಳು. ಸೊಸೆ ಎರಡು ಗಂಟೆ ಕಾಲ ಬಲಗೆನ್ನೆಯನ್ನು ಹೊರಗಿಟ್ಟುಕೊಂಡೇ ಸಂಚಾರ ನಿಯಂತ್ರಿಸಿದಳು.

ಪೋಸ್ಟರ್ ಬಂದಾಗ ನಾಲ್ವರೂ ಬಸ್ ನಿಲ್ದಾಣಕ್ಕೆ ನೋಡಲು ಹೋದರು. ದೊಡ್ಡದಾಗಿತ್ತು, ಚಂದವಾಗಿತ್ತು. ಅದರಲ್ಲಿ ಸೊಸೆಯ ಬೆನ್ನಿತ್ತು. ಗಾಡಿಗಳ ಸಾಲಿನ ಎದುರು ಕೈ ಚಾಚಿ ನಿಂತ ಬೆನ್ನು, ಬಿಗಿದ ಬೆಲ್ಟು, ಕುತ್ತಿಗೆಯ ಮೇಲೆ ಕೂದಲ ಗಂಟು. ಉಳಿದ ಅರ್ಧ ಪೋಸ್ಟರನ್ನು ಛತ್ರಿ ತುಂಬಿತ್ತು. ಗಂಡ ಹತ್ತಿರ ಹೋಗಿ, ಬೆಸುಗೆಯ ಜಾಗ ಎಷ್ಟು ಸ್ಪಷ್ಟವಾಗಿ ಬಂದಿದೆ ಎಂದು ಬೆರಳಿಟ್ಟು ತೋರಿಸಿದ. ಅತ್ತೆ ಮೊದಲು ನಕ್ಕರು, ಆಮೇಲೆ ಸೊಸೆ, ಆಮೇಲೆ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡುವಷ್ಟು ನಾಲ್ವರೂ.

ಡಾಕ್ಟರಮ್ಮ ಹೂಂ ಅಂದದ್ದು ಅದಾದ ಎರಡು ತಿಂಗಳಿಗೆ. ಹತ್ತರ ಬಾಟಲಿ ಬಂತು. ಕಿವಿಯ ಹಿಂದೆ ಮೊದಲ ಹನಿಯನ್ನು ಅತ್ತೆಯೇ ಸಾಕ್ಷಿಯಾಗಿ ನಿಂತು ಹಚ್ಚಿದರು. ವಾರದ ರಜೆಯ ಹಿಂದಿನ ಸಂಜೆ, ದೀಪ ಹಚ್ಚುವ ಮೊದಲು, ಬಚ್ಚಲುಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಸೊಸೆ ಕೂರುವುದು, ಮಾವ ಗಡಿಯಾರ ಹಿಡಿದು ನಿಲ್ಲುವುದು ರೂಢಿಯಾಯಿತು. ಹಚ್ಚಿಕೊಂಡವಳು ತುಟಿ ಅಲುಗಿಸುವಂತಿರಲಿಲ್ಲ, ಆದ್ದರಿಂದ ಆ ಎರಡು ನಿಮಿಷ ಮಾವನೇ ಮಾತಾಡಬೇಕಾಯಿತು. ಮೊದಲ ವಾರ ಹದಿನೈದು ಸೆಕೆಂಡ್, ಮೂವತ್ತು ಸೆಕೆಂಡ್ ಎಂದು ಮಾತ್ರ ಹೇಳಿದರು. ಎರಡನೇ ವಾರ, ಪರೀಕ್ಷೆಯ ದಿನ ಭಯಕ್ಕೆ ಪಿಪೆಟ್ಟಿನಲ್ಲಿ ನೀರು ಕುಡಿದ ಹುಡುಗನ ಕಥೆ ಬಂತು. ಆಮೇಲೆ ಕೆಟ್ಟ ಮೊಟ್ಟೆಯ ವಾಸನೆಯ ಗ್ಯಾಸ್ ಪ್ರಿನ್ಸಿಪಾಲರ ಕೋಣೆಗೆ ಹೋದದ್ದು, ಲ್ಯಾಬಿನಲ್ಲೇ ಪ್ರೀತಿಸಿ ಲ್ಯಾಬಿನಲ್ಲೇ ಜಗಳವಾಡಿ ಒಂದು ಬರ್ನರಿಗಾಗಿ ಮತ್ತೆ ಒಂದಾದ ಜೋಡಿ. ಐದು ವರ್ಷ ಅತ್ತೆಯ ಮೂಲಕ ಗ್ಯಾಸ್ ಸಿಲಿಂಡರ್ ವಿಷಯ ಮಾತ್ರ ಮಾತಾಡಿದ್ದ ಮನುಷ್ಯನೊಳಗೆ ಇಷ್ಟು ಜನ ಇದ್ದರು ಎಂದು ಸೊಸೆಗೆ ಆಶ್ಚರ್ಯವಾಗುತ್ತಿತ್ತು. ನಗಬಾರದು ಎಂದು ಕೆನ್ನೆ ಬಿಗಿ ಹಿಡಿದು ಕೂರುವುದೇ ಕಷ್ಟವಾಯಿತು.

ಕಲೆಗಳು ಅರ್ಧದಷ್ಟು ತಿಳಿಯಾದವು. ಗಲ್ಲದ ಗೆರೆ ಹೋಗಲಿಲ್ಲ, ಡ್ಯೂಟಿ ಇರುವವರೆಗೆ ಹೋಗುವುದೂ ಇಲ್ಲ. ಕನ್ನಡಿಯಲ್ಲಿ ಅದನ್ನು ಹುಡುಕುವುದನ್ನು ಅವಳು ಯಾವಾಗ ಬಿಟ್ಟಳೋ ಅವಳಿಗೇ ನೆನಪಿಲ್ಲ.

ಎಂಟನೇ ವಾರವೋ ಒಂಬತ್ತನೇ ವಾರವೋ ಅತ್ತೆಯೂ ಒಂದು ಕುರ್ಚಿ ತಂದು ಹಾಕಿಕೊಂಡರು. ಕಪ್ಪಗಾದ ಎರಡು ಮೊಣಕೈಗೆ ಹಚ್ಚಿಸಿಕೊಂಡು, ತೋಳು ಮಡಿಸಿ ಎತ್ತಿ ಹಿಡಿದು, ಹಾರಲು ತಯಾರಾದ ಹಕ್ಕಿಯ ಹಾಗೆ ಕೂತರು. ಅವತ್ತು ಮಾವನದು ಪ್ರೊಫೆಸರರ ಕಟ್ಟುಕೂದಲಿನ ಟೋಪನ್ನನ್ನು ಲ್ಯಾಬಿನ ಹೊಗೆ ಎಳೆಯುವ ಫ್ಯೂಮ್ ಕಪಾಟಿನ ಫ್ಯಾನ್ ಎಳೆದುಕೊಂಡ ಕಥೆ. ಟೋಪನ್ ತಲೆ ಬಿಟ್ಟು ಗಾಳಿಯಲ್ಲಿ ಏಳುವ ಹೊತ್ತಿಗೆ ಸರಿಯಾಗಿ ಎರಡು ನಿಮಿಷ ಮುಗಿಯಿತು. ಸೊಸೆ ಓಡಿಹೋಗಿ ಮುಖ ತೊಳೆದು, ನೀರು ಸುರಿಯುತ್ತಲೇ ವಾಪಸ್ಸು ಬಂದು ಸ್ಟೂಲಿನ ಮೇಲೆ ಕೂತಳು.

"ಆಮೇಲೆ?" ಎಂದಳು.

ಮಾವ ಗಡಿಯಾರ ಜೇಬಿಗಿಟ್ಟು, ಎರಡೂ ಕೈಯಲ್ಲಿ ಟೋಪನ್ ಹಾರಿದ ಎತ್ತರ ತೋರಿಸತೊಡಗಿದರು.

"ನನ್ನ ಮೊಣಕೈ ಕಡೆ ಯಾರಾದ್ರೂ ನೋಡ್ತೀರಾ, ಇಲ್ಲಾ ನಾನೇ ಎದ್ದು ಹೋಗ್ಲಾ," ಎಂದು ಅತ್ತೆ ನಲ್ಲಿಯ ಕಡೆ ನಡೆದರು. ಹೋಗುತ್ತಾ ಹೋಗುತ್ತಾ, ತಾನು ಬರುವವರೆಗೆ ಕಥೆ ಮುಂದಕ್ಕೆ ಹೋಗಕೂಡದು ಎಂದೂ ಹೇಳಿದರು.